ಮುಚ್ಚಳದ ಮೇಲಿನ ಕೆಂಪು ಹರಳು

"ಯಾರನ್ನ ಕೇಳಿ ಇದನ್ನ ಬಿಚ್ಚಿದ್ರಿ?"

ವಾಚು ರಿಪೇರಿ ಅಂಗಡಿಯ ಗಾಜಿನ ಬಾಗಿಲು ಮುಚ್ಚುವ ಮೊದಲೇ ಅವಳು ಕೂಗಿಬಿಟ್ಟಿದ್ದಳು. ತೀರಿಹೋದ ಅಮ್ಮ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಹಳೇ ಹರಳಿನ ವಾಚು ಬಿಳಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿತ್ತು!

ರಿಪೇರಿಗೆ ಕೂತಿದ್ದ ಅಂಗಡಿಯ ಹುಡುಗ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನೂ ತೆಗೆಯಲಿಲ್ಲ.

"ನಿಮ್ಮ ಚಿಕ್ಕಪ್ಪನ್ನ ಕೇಳೇ. ರಿಪೇರಿಗೆ ಕೊಟ್ಟಿದ್ದು ಅವರೇ. ಉಸಿರು ಸ್ವಲ್ಪ ಆ ಕಡೆ ಬಿಡಿ... ಸ್ಕ್ರೂ ಹಾರಿಹೋಗುತ್ತೆ."

'ಎಷ್ಟು ಧಿಮಾಕು!' ಅಂದುಕೊಂಡಳು. ಆದರೂ ಪಾಪ, ಉಸಿರು ಬಿಗಿಹಿಡಿದೇ ನಿಂತಳು.

ಚಿಕ್ಕಪ್ಪನ ಕಾರ್ಖಾನೆಯಲ್ಲಿ ಒಡವೆಗಳಿಗೆ ಹರಳು ಕೂರಿಸುವ ಹುಡುಗಿ ಅವಳು. ಹರಳಿನ ಮುಂದೆ ಕೂತರೆ ಋಷಿ, ಎದ್ದರೆ ಬಿರುಗಾಳಿ. ಕಾಯುವುದು ಅಂದರೆ ಅವಳಿಗೆ ಆಗಿಬರದ ಮಾತು.

"ಬನ್ನಿ, ನೋಡಿ" ಎಂದು ಅವನು ಭೂತಗನ್ನಡಿ ಕೊಟ್ಟ. ವಾಚಿನ ಹೊಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಹರಳುಗಳು!

"ಅಯ್ಯೋ, ಒಳಗ್ಯಾಕೆ? ಯಾರಿಗೂ ಕಾಣಲ್ವಲ್ಲ!"

"ಕಾಣೋಕಲ್ಲ. ಚಕ್ರದ ಅಚ್ಚು ಸವೀದೆ ತಿರುಗ್ಲಿ ಅಂತ. ನೀವು ಕೂರಿಸೋ ಹರಳು ಊರಿಗೆಲ್ಲ ಕಾಣುತ್ತೆ. ಇವು ಸುಮ್ನೆ ಒಳಗೇ ದುಡೀತವೆ."

ಮಾತು ಎಲ್ಲೋ ನಾಟಿತು. ಆಮೇಲೆ, ಹರಳು ಕೂರಿಸಲು ಅವನು ಕಾರ್ಖಾನೆಗೆ ಕಳಿಸುತ್ತಿದ್ದ ವಾಚಿನ ಕವಚಗಳನ್ನು ತಲುಪಿಸುವುದೋ, ಇನ್ನೇನೋ ನೆಪ ಹೂಡಿ ಅವಳು ಅಲ್ಲಿಗೆ ಹೋಗುತ್ತಲೇ ಇದ್ದಳು. "ಆ ಅಂಗಡಿಯವನಿಗೆ ಮಾತು ಬರುತ್ತಾ, ಇಲ್ಲಾ ಬರೀ ಟಿಕ್ ಟಿಕ್ ಅಂತಾನಾ?" ಎಂದು ಚಿಕ್ಕಪ್ಪ ರೇಗಿಸುತ್ತಿದ್ದರು.

ಒಂದು ಸಂಜೆ ಅವನು ಆ ವಾಚನ್ನು ಅವಳ ಅಂಗೈಯಲ್ಲಿಟ್ಟ. ಅದು ಓಡುತ್ತಿತ್ತು! ಅಮ್ಮ ಹೋದಾಗಿನಿಂದ ನಿಂತೇ ಇದ್ದ ವಾಚು... ಅವಳ ಕಣ್ಣು ತುಂಬಿಬಂತು.

"ಇವತ್ತು ಮನೇಲಿ ಇದರ ಸದ್ದು ಕೇಳಿಸ್ಕೊಳ್ಳಿ. ನಾಳೆ ತನ್ನಿ, ಮುಚ್ಚಳದಲ್ಲಿ ಬಿದ್ದುಹೋಗಿರೋ ಹರಳು ಕೂರಿಸೋಣ."

ನಾಳೆಯಂತೆ! ಅವಳಿಗೆ ತಡೆಯುತ್ತದೆಯೇ? ಮನೆಗೆ ಹೋದವಳೇ ಕೆಂಪು ಹರಳೊಂದನ್ನು ಆರಿಸಿ, ಪುಟ್ಟ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೂರಿಸಿದಳು. 'ನೋಡಿ ಬೆರಗಾಗ್ತಾನೆ' ಎಂದು ಒಳಗೊಳಗೇ ನಕ್ಕಳು.

ಬೆಳಗ್ಗೆ ಎದ್ದು ನೋಡಿದರೆ ವಾಚು ನಿಂತಿತ್ತು. ನೇರ ಅಂಗಡಿಗೆ ನುಗ್ಗಿದಳು.

"ನಂಬಿದ್ದೆ ನಿಮ್ಮನ್ನ! ಒಂದು ದಿನ ಓಡಿಸಿ ಮರುಳು ಮಾಡಿದ್ರಾ? ಅಮ್ಮನ್ನ ಮತ್ತೆ ಕಳ್ಕೊಂಡ ಹಾಗಾಯ್ತು ನಂಗೆ!"

ಅವನು ವಾಚನ್ನು ಬಿಚ್ಚಿ ನೋಡಿದ. ಮುಚ್ಚಳದ ಹೊಸ ಹರಳನ್ನೂ ನೋಡಿದ. ಭೂತಗನ್ನಡಿಯನ್ನು ಮೆಲ್ಲನೆ ಕೆಳಗಿಟ್ಟ.

"ನನ್ನ ತಪ್ಪೇ. ಸರಿ ಮಾಡಿ ಕಳಿಸ್ತೀನಿ."

"ಇನ್ನು ನಿಮ್ಮ ಮುಖ ನೋಡಲ್ಲ!"

ಹೇಳಿ ಬಂದಳೇನೋ ನಿಜ. ಆದರೆ ಊಟ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ, ಬಾಗಿಲು, ಮತ್ತೆ ಕಿಟಕಿ... ಬೈದವಳೇ ಅವನ ದಾರಿ ಕಾಯುತ್ತಿದ್ದಳು!

ಕೊನೆಗೆ ತಡೆಯಲಾರದೆ ಚಿಕ್ಕಪ್ಪನ ಮುಂದೆ ಗೋಳಾಡಿದಳು. "ಎಷ್ಟು ಚೆನ್ನಾಗಿ ಹರಳು ಕೂರಿಸಿದ್ದೆ ಗೊತ್ತಾ..."

ಚಿಕ್ಕಪ್ಪನ ಕೈ ಗಕ್ಕನೆ ನಿಂತಿತು. "ವಾಚಿನ ಮಷೀನು ಒಳಗಿದ್ದಾಗಲೇ ಸುತ್ತಿಗೆ ಹಾಕಿದ್ಯಾ, ಪುಟ್ಟಿ?"

ಅವಳಿಗೆ ಆಗ ಹೊಳೆಯಿತು. ಹರಳು ಕೂರಿಸಲು ಅವನು ಯಾವಾಗಲೂ ಕಳಿಸುತ್ತಿದ್ದುದು ಖಾಲಿ ಕವಚ. ಸುತ್ತಿಗೆಯ ಸಣ್ಣ ಪೆಟ್ಟಿಗೂ ಒಳಗಿನ ಕೂದಲೆಳೆಯಂಥ ಅಚ್ಚು ಮುರಿಯುತ್ತದೆ. ಸಂಭ್ರಮದಲ್ಲಿ ಅದನ್ನೇ ಮರೆತಿದ್ದಳಲ್ಲ! 'ನಾನೇ... ನನ್ನ ಕೈಯಾರೆ...'

ಬಿದ್ದಂಬೀಳ ಓಡಿದಳು.

ಅವನು ಹೊಸ ಅಚ್ಚು ಕಡೆಯುತ್ತಾ ಕುಳಿತಿದ್ದ.

"ಮುರಿದವಳು ನಾನು. ಗೊತ್ತಿದ್ದೂ ಯಾಕೆ ಬೈಸ್ಕೊಂಡ್ರಿ?"

ಅವನು ತಲೆ ತಗ್ಗಿಸಿದ. "ಅಮ್ಮನ ವಾಚು ನಿಮ್ಮ ಕೈಯಿಂದಲೇ ನಿಂತಿತು ಅಂತ ಹೇಗೆ ಹೇಳ್ಲಿ? ನನ್ನ ಮೇಲಿನ ಸಿಟ್ಟಾದ್ರೆ ಇಳಿದುಹೋಗುತ್ತೆ. ಇದು ಜೀವನಪೂರ್ತಿ ಕೊರೀತಿತ್ತು ನಿಮ್ಮನ್ನ."

ಅವಳು ಬಿಕ್ಕಿದಳು.

"ಮಷೀನು ತೆಗೀದೆ ಕೊಟ್ಟಿದ್ದಂತೂ ನನ್ನ ತಪ್ಪೇ" ಎಂದ.

"ಯಾಕೆ ಕೊಟ್ರಿ ಮತ್ತೆ?"

"ಅದು ಓಡೋದು ಕೇಳಿದಾಗ ನಿಮ್ಮ ಮುಖ ನೋಡ್ಬೇಕು ಅನ್ನಿಸ್ತು... ದಿನಾ ನೋಡ್ಬೇಕು ಅಂತಾನೂ ಅನ್ನಿಸ್ತು. ಹೇಳೋ ಧೈರ್ಯ ಇರ್ಲಿಲ್ಲ."

"ದಿನಾ ಬರ್ತಿದ್ದವಳು ಟೈಮ್ ಕೇಳೋಕೆ ಬರ್ತಿದ್ಳಾ, ದಡ್ಡ!"

ಅವನು ನಕ್ಕು, ಒದ್ದೆ ಕಣ್ಣೊರೆಸಿಕೊಂಡು, ಚಿಮುಟದಲ್ಲಿ ಅಚ್ಚನ್ನು ಎತ್ತಿ ಕೆಂಪು ಹರಳುಗಳ ನಡುವೆ ಇಳಿಸಿದ. ಈ ಸಲ ಅವಳು ತಾನಾಗಿಯೇ ಉಸಿರನ್ನು ಆ ಕಡೆ ಬಿಟ್ಟಳು.

ಟಿಕ್... ಟಿಕ್... ಟಿಕ್...

"ಮುಚ್ಚಳದಲ್ಲಿ ಇನ್ನೊಂದು ಹರಳು ಸಡಿಲ ಇದೆ" ಎಂದ ಅವನು.

"ಇರ್ಲಿ. ಮಷೀನು ಯಾವಾಗ ತೆಗೆದುಕೊಡ್ತೀಯೋ ಆಗ ಕೂರಿಸ್ತೀನಿ."

"ನೀನು? ಕಾಯ್ತೀಯಾ?!"

ಅವಳು ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕುಳಿತಳು.

"ಇಲ್ಲೇ ಆದ್ರೆ ಕಾಯ್ತೀನಿ."