ಪುಟ್ಟವ್ವನನ್ನು ಮನೆಗೆ ಕರೆತಂದದ್ದು

ಬಹಳ ಬಹಳ ಹಿಂದೆ, ಕುಂಕುಮಾವತಿ ಎಂಬ ರಾಜ್ಯದಲ್ಲಿ, ವಸುಮತಿಯಮ್ಮನವರ ಮನೆತನಕ್ಕಿಂತ ಮರ್ಯಾದಸ್ಥ ಮನೆತನ ಇನ್ನೊಂದಿರಲಿಲ್ಲ. ಮುತ್ತಜ್ಜನ ಕಾಲದಿಂದಲೂ ಅರಸರ ಉಕ್ಕಿನ ಬಂಡಿಗಳನ್ನು ಸಾಕಿದವರು ಅವರೇ. ಚಕ್ರಕ್ಕೆ ಎಣ್ಣೆ ಹಾಕದೆ ಆ ಮನೆಯವರು ಊಟಕ್ಕೆ ಕುಳಿತದ್ದನ್ನು ಯಾರೂ ಕಂಡಿರಲಿಲ್ಲ.

ಬಂಡಿಗಳು ಮೂವರು ಅಕ್ಕತಂಗಿಯರು. ಮೂವರಿಗೂ ನಾಲ್ಕು ಚಕ್ರ, ತೆಳುವಾದ ಉಕ್ಕಿನ ಕವಚ. ಎಳೆಯಲು ಕುದುರೆ ಬೇಡ, ತಾವೇ ಓಡುತ್ತಿದ್ದರು. ಹಿರಿಯವ್ವ ಸೈನಿಕರನ್ನು ಹೊರುತ್ತಿದ್ದಳು, ನಡುವವ್ವ ಗಾಯಾಳುಗಳನ್ನು. ಪುಟ್ಟವ್ವ ಎಲ್ಲರಿಗಿಂತ ಮುಂದೆ ಓಡಿ ದಾರಿ ನೋಡಿ ಬರುತ್ತಿದ್ದಳು.

ಆಯುಧಪೂಜೆಯ ದಿನ ಅವರಿಗೆ ವಿಶ್ರಾಂತಿ. ಮರುದಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಆ ಹೊತ್ತು ಕವಚದ ಶಕ್ತಿ ನಿದ್ದೆಯಲ್ಲಿರುತ್ತದೆ.

ಅಂಥ ದಿನವೇ ದಂಡನಾಯಕ ರಣಮಲ್ಲ ಪುಟ್ಟವ್ವನನ್ನು ಬೇಟೆಗೆ ಹೊರಡಿಸಿಕೊಂಡು ಹೋದ. ಮಧ್ಯಾಹ್ನ ಏದುಸಿರು ಬಿಡುತ್ತ ಒಬ್ಬನೇ ಓಡಿಬಂದ.

“ನಮ್ಮ ಹುಡುಗಿ ಎಲ್ಲಿ?” ಎಂದರು ವಸುಮತಿಯಮ್ಮ.

“ಮಾಂತ್ರಿಕ ಧೂಮ್ರಕೇಶ ಹಿಡಿದುಬಿಟ್ಟ. ತುಕ್ಕು ಹಿಡಿಸುತ್ತಿದ್ದಾನೆ. ಹೊತ್ತು ಮುಳುಗುವಷ್ಟರಲ್ಲಿ ಮಣ್ಣಾಗುತ್ತಾಳೆ.”

ಅಮ್ಮ ಸೆರಗು ಬಿಗಿದು ಎಣ್ಣೆಯ ಗಿಂಡಿ ಎತ್ತಿಕೊಂಡರು. ಉಳಿದಿಬ್ಬರು ಆಗಲೇ ಬಾಗಿಲಲ್ಲಿದ್ದರು.

“ನಿಮಗಿವತ್ತು ಶಕ್ತಿಯಿಲ್ಲ, ಮಕ್ಕಳೇ.”

“ತಂಗಿ ಅಲ್ಲಿ ಒಬ್ಬಳೇ ಇದ್ದಾಳಲ್ಲಮ್ಮಾ,” ಎಂದಳು ಹಿರಿಯವ್ವ.

ಮೂವರೂ ಹೊರಟರು. ದಾರಿಯಲ್ಲಿ ಮೊದಲು ಕೆಸರಿನ ಮೊಸಳೆ ಬಾಯಿ ತೆರೆಯಿತು. “ಭಾರವಾದದ್ದನ್ನೆಲ್ಲ ನುಂಗುತ್ತೇನೆ!”

“ನಮ್ಮದು ಹಗುರದ ಜಾತಿ, ಮಾವ. ಬಾಯಿ ಮುಚ್ಚಿಕೋ, ನೊಣ ಹೋದೀತು,” ಎಂದು ಹಿರಿಯವ್ವ ಅಮ್ಮನನ್ನು ಹೊತ್ತು ಕೆಸರಿನ ಮೇಲೆ ಬಾತುಕೋಳಿಯಂತೆ ಸಾಗಿದಳು. ನಡುವವ್ವ ಹಿಂಬಾಲಿಸಿದಳು.

ಆಮೇಲೆ ಮಾಯದ ಮುಳ್ಳುಹಂದಿಗಳು ಬಾಣದಂಥ ಮುಳ್ಳು ಎಸೆದವು. “ನನ್ನೊಳಗೆ ಬನ್ನಿ,” ಎಂದು ನಡುವವ್ವ ಅಮ್ಮನನ್ನು ಮುಚ್ಚಿಕೊಂಡಳು. ನಿದ್ದೆಯಲ್ಲಿದ್ದ ಕವಚದಲ್ಲಿ ಮುಳ್ಳು ನಾಟಿದವು.

“ನೋಯಿತೇನೇ?”

“ನಿಮಗೆ ತಾಗಲಿಲ್ಲವಲ್ಲ.”

ಕೊನೆಗೆ ಧೂಮ್ರಕೇಶ. ಅವನ ಕಾಲಬಳಿ ಪುಟ್ಟವ್ವ ಕೆಂಪಗೆ ತುಕ್ಕು ಹಿಡಿದು ಕುಸಿದಿದ್ದಳು.

“ಈ ತಗಡಿಗೆ ಅಳುವವರೂ ಇದ್ದಾರೆಯೇ?” ಎಂದು ಅವನು ನಕ್ಕ.

ಅಮ್ಮ ಅವನತ್ತ ನೋಡಲೂ ಇಲ್ಲ. ನೆಲದಲ್ಲಿ ಕುಳಿತು, ರೇಷ್ಮೆ ಸೆರಗನ್ನೇ ಎಣ್ಣೆಯಲ್ಲಿ ಅದ್ದಿ, ಮಗುವಿನ ಮುಖ ಒರೆಸುವಂತೆ ಒರೆಸತೊಡಗಿದರು. “ಕಣ್ಣು ಬಿಡು, ಕಂದಾ. ನಾನು ಬಂದಿದ್ದೇನೆ.”

“ಇವತ್ತು ಹೊರಡಬಾರದು ಅಂದೆ, ಅಮ್ಮಾ. ದಂಡನಾಯಕರು ಕೇಳಲಿಲ್ಲ. ಬಿಟ್ಟು ಓಡಿದರು,” ಎಂದಳು ಪುಟ್ಟವ್ವ.

ತನ್ನವರೆಂದು ಯಾರೂ ಇಲ್ಲದ ಉಕ್ಕಿನ ಮೇಲೆ ಮಾತ್ರ ನಡೆಯುವ ಮಂತ್ರ ಅದು; ಅಮ್ಮ ಬಂದದ್ದೇ ತಿರುಗಿಬಿತ್ತು. ಒರೆಸಿದ ತುಕ್ಕೆಲ್ಲ ಧೂಮ್ರಕೇಶನ ಮೈಗೇ ಹತ್ತಿತು. ಅವನು ಪುಡಿಪುಡಿಯಾಗಿ ಗಾಳಿಯಲ್ಲಿ ಹೋದ. ಪುಟ್ಟವ್ವನ ಚಕ್ರ ತಿರುಗಿತು.

ರಾಜ್ಯಕ್ಕೆ ರಾಜ್ಯವೇ ಹಬ್ಬ ಮಾಡಿತು. ಅಕ್ಕತಂಗಿಯರು ಮತ್ತೆಂದೂ ಅಗಲದೆ ಸುಖವಾಗಿದ್ದರು. ಆದರೆ ಅದಕ್ಕೂ ಮೊದಲು, ಅವರು ಮರಳಿದಾಗ, ಕೋಟೆಯ ಬಾಗಿಲಲ್ಲೇ ರಣಮಲ್ಲ ನಗುತ್ತ ಎದುರಾದ.

“ಎಲ್ಲ ಒಳ್ಳೆಯದೇ ಆಯಿತಲ್ಲ, ಅಮ್ಮನವರೇ! ಒಂದು ಬಂಡಿಗೆ ಇಷ್ಟು ರಂಪವೇ?”

ಪುಟ್ಟವ್ವ ಮೆಲ್ಲಗೆ ಅಮ್ಮನ ಹಿಂದೆ ಸರಿದಳು.

ವಸುಮತಿಯಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ದಂಡನಾಯಕರೇ, ಪೇಟ ತೆಗೆಯಿರಿ. ಇವಳ ಕ್ಷಮೆ ಕೇಳಿ.”