ಒಂದು ಸರದಿಗೆ ಒಂದೇ ಸಲ

ಐದನೇ ಮಹಡಿಯ ಕಂಬಿಯಾಚೆ ನೇತಾಡುತ್ತಿದ್ದೆ. ತಲೆಕೆಳಗಾಗಿ! ಕೆಳಗೆ ಟೋಕಿಯೋದ ಅಕಿಹಾಬರಾ ಪೇಟೆಯ ಮಧ್ಯಾಹ್ನದ ಜನಜಂಗುಳಿ. ಭಯ ಆಗಬೇಕಿತ್ತು. ಆಗಲಿಲ್ಲ.

ಕಾಲು ಹಿಡಿದಿದ್ದವನು ಇವಾಕಿ. ಗ್ಯಾಂಗಿನವನು.

"ಏನಯ್ಯಾ ಸೆಗಾವಾ, ಈ ಕಾರ್ಡು ಅಸಲಿ ಅಂತ ಬರೆದುಕೊಟ್ಟೋನು ನೀನೇ ತಾನೆ?"

"ಹೌದು..."

"ನಂಬಿ ನಮ್ಮ ಯಜಮಾನರಿಗೆ ಕಾಣಿಕೆ ಕೊಟ್ಟೆ. ಅವರ ಮೊಮ್ಮಗಳು ಓದಿ ಕಿಸಕ್ಕನೆ ನಕ್ಕಳು! ನಕಲಿಯಂತೆ! ಮೂರು ಗಂಟೆಯೊಳಗೆ ಇದನ್ನ ಮಾಡಿದೋನನ್ನ ತಂದು ಒಪ್ಪಿಸು. ಇಲ್ಲಾಂದ್ರೆ ನಿನ್ನ ಹತ್ತೂ ಬೆರಳು ಹೋದ್ವು ಅಂದ್ಕೋ."

ಮೇಲೆಳೆದು ಕಾರ್ಡನ್ನು ನನ್ನ ಮುಖಕ್ಕೆ ಎಸೆದ.

ಸಂಗ್ರಾಹಕರು ದುಬಾರಿ ಬೆಲೆ ಕೊಡುವ ಆಟದ ಕಾರ್ಡು, ಇದ್ದಿಲು ನರಿ. ಮೊದಲ ಮುದ್ರಣ. ಕಾಗದ, ಶಾಯಿ, ತೂಕ... ಕಾರ್ಡು ಪರೀಕ್ಷಕನಾಗಿ ಎಲ್ಲವನ್ನೂ ನೋಡಿದ್ದೆ. ಓದಿರಲಿಲ್ಲ! ಇಪ್ಪತ್ತು ವರ್ಷದಿಂದ ಬಾಯಿಪಾಠವಾದದ್ದನ್ನು ಯಾರು ಓದುತ್ತಾರೆ, ನೀವೇ ಹೇಳಿ?

ಈಗ ಓದಿದೆ. 'ಸತ್ತ ಪ್ರಾಣಿಯೊಂದನ್ನು ಎಬ್ಬಿಸಿ ತರುತ್ತದೆ. ಒಂದು ಸರದಿಗೆ ಒಂದೇ ಸಲ.'

ಆ ಕೊನೆಯ ಸಾಲು ಮೊದಲ ಮುದ್ರಣದಲ್ಲಿ ಇರಲೇ ಇಲ್ಲ. ಆಗ ನರಿ ಎಷ್ಟು ಸಲ ಬೇಕಾದರೂ ಎಬ್ಬಿಸಬಹುದಿತ್ತು. ನಾವೆಲ್ಲ ಹಾಗೇ ಆಡಿ ಗೆದ್ದೆವು. ಒಬ್ಬನನ್ನು ಬಿಟ್ಟು. ಇದು ಅನ್ಯಾಯ ಎಂದು ಕಂಪನಿಗೆ ಪತ್ರದ ಮೇಲೆ ಪತ್ರ ಬರೆದು, ಮುಂದಿನ ಮುದ್ರಣಗಳಲ್ಲಿ ಆ ಸಾಲು ಬರುವಂತೆ ಮಾಡಿದವನು ಅವನೇ. ನುಮಾಜಿರಿ. ನನಗಿರುವ ಒಬ್ಬನೇ ಗೆಳೆಯ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ.

ನಕಲಿ ಮಾಡುವಾಗಲೂ ಅನ್ಯಾಯದ ನಿಯಮವನ್ನು ಅಚ್ಚು ಹಾಕಲು ಅವನಿಗೆ ಕೈ ಬಂದಿಲ್ಲ.

ಪ್ರೆಸ್ಸಿಗೆ ಹೋದೆ. ನನ್ನ ಕೈಯಲ್ಲಿದ್ದ ಕಾರ್ಡು ಕಂಡದ್ದೇ ತಡ, ಹಿಂಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಿದ!

ಸೈಕಲ್ಲುಗಳು, ರಾಮೆನ್ ನೂಡಲ್ಸ್ ಅಂಗಡಿಯ ಕ್ಯೂ... ಅವನು ಮುಂದೆ, ನಾನು ಹಿಂದೆ. ರೈಲ್ವೆ ಗೇಟು ಬಿತ್ತು. ರೈಲು ಇನ್ನೂ ದೂರವಿತ್ತು. ನುಸುಳಿ ಹೋಗಬಹುದಿತ್ತು.

ನಿಂತುಬಿಟ್ಟ! ಗೇಟು ಬಿದ್ದ ಮೇಲೆ ದಾಟುವ ಜಾತಿಯವನಲ್ಲ.

"ಯಾಕೋ ಮಾಡಿದೆ?"

"ನಿನ್ನ ಕಣ್ಣಿಗೆ ಮಣ್ಣೆರಚೋಕೆ ಆಗುತ್ತಾ ಅಂತ ನೋಡಿದೆ ಕಣೋ." ಏದುಸಿರು ಬಿಡುತ್ತ ನಕ್ಕ. "ಆಯ್ತಲ್ಲ!"

"ನೀನು ಬರದಿದ್ರೆ ಇವಾಕಿ ನನ್ನ ಬೆರಳು ಕತ್ತರಿಸ್ತಾನೆ."

"ಬಂದ್ರೆ?"

ಇವಾಕಿಯ ಕೈಗೆ ಸಿಕ್ಕವನು ಜೀವಂತ ವಾಪಸ್ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಒಂದಾಟ ಆಡೋಣ," ಎಂದ. "ಗೆದ್ರೆ ನನ್ನ ದಾರಿ ನನಗೆ. ಸೋತ್ರೆ ಬರ್ತೀನಿ."

ಇಬ್ಬರ ಜೇಬಿನಲ್ಲೂ ಕಾರ್ಡಿನ ಕಟ್ಟು ಇತ್ತು. ನಮ್ಮಂಥವರ ಹೆಣದ ಜೇಬಿನಲ್ಲೂ ಅದು ಇರುತ್ತದೆ. ಗೇಟಿನ ಪಕ್ಕದ ಬೆಂಚಿನ ಮೇಲೆ ಹರಡಿ, ಪದ್ಧತಿಯಂತೆ ಪರಸ್ಪರ ಬಾಗಿ ವಂದಿಸಿ ಶುರುಮಾಡಿದೆವು.

ನಿರ್ಣಾಯಕ ಸರದಿ ಅವನದು. ನರಿಯನ್ನು ಇಳಿಸಿದ. ಅಸಲಿ, ಮೊದಲ ಮುದ್ರಣ. ಸತ್ತ ಪ್ರಾಣಿಯೊಂದನ್ನು ಎಬ್ಬಿಸಿದ. ಇನ್ನೊಂದನ್ನು ಎಬ್ಬಿಸಿದರೆ ನಾನು ಸೋತಂತೆ.

ಅವನ ಬೆರಳು ನರಿಯತ್ತ ಹೋಯಿತು... ನಿಂತಿತು.

"ಎಬ್ಬಿಸೋ ಮಾರಾಯ," ಎಂದೆ. ನನ್ನ ಬಾಯಿಂದ ಹೇಗೆ ಬಂತೋ! "ಆ ಕಾರ್ಡಲ್ಲಿ ಒಂದೇ ಸಲ ಅಂತ ಬರೆದಿಲ್ಲ."

"ಬರೆದಿಲ್ಲದಿದ್ರೇನು? ನಿಯಮ ನಿಯಮಾನೇ."

ಸರದಿ ಬಿಟ್ಟುಕೊಟ್ಟ. ಮುಂದಿನ ಏಟಿಗೆ ಗೆದ್ದೆ. ಅವನು ಬಾಗಿ, "ಒಳ್ಳೇ ಆಟ, ಥ್ಯಾಂಕ್ಸ್," ಎಂದ. ಎದ್ದು ಕೋಟು ಸರಿಮಾಡಿಕೊಂಡ. ಬೇಡ ಹೋಗು ಎನ್ನಬಹುದಿತ್ತು. ಅನ್ನಲಿಲ್ಲ.

ಮೂರಕ್ಕೆ ಐದು ನಿಮಿಷ ಇರುವಾಗ ಒಪ್ಪಿಸಿದೆ.

ನನ್ನ ಹತ್ತೂ ಬೆರಳು ನೆಟ್ಟಗಿವೆ. ಎದುರಿಗೆ ಕೂತು ಆಡುವವನೇ ಇಲ್ಲ!