ಲಿಂಟಲ್ ಫೋಟೋಗೆ ಅಡ್ಡ ನಿಂತ ಟೀಚರಮ್ಮ

ಇದ್ರಲ್ಲಿ ಒಂದು ಮಾತು ಸುಳ್ಳಿದ್ರೂ, ನಾಳೆ ನಾನು ನುಂಗೋ ರಾಗಿ ಮುದ್ದೆ ಗಂಟ್ಲಲ್ಲೇ ನಿಂತ್ಕೊಳ್ಲಿ. ಕ್ಯಾಲನೂರು ಪಕ್ಕದ ಊರಲ್ಲಿ, ಹೋದ್ವರ್ಷ ಮಾರ್ಚಿನಲ್ಲಿ, ಕಣ್ಣಾರೆ ಕಂಡಿದ್ದು.

ಅವತ್ತು ಗಂಗಾಲಕ್ಷ್ಮಿ ಟೀಚರು ಬೈಕಿಗೆ ಅಡ್ಡ ನಿಂತ್ಬಿಟ್ಳು.

"ನೀವೇನಾ ಇಂಜಿನಿಯರು?"

"ಹೌದು ಮೇಡಂ. ನಂದಕುಮಾರ್ ಅಂತ."

"ಹೆಸ್ರು ಕಟ್ಕೊಂಡು ನಮಗೇನು? ಸ್ಕೂಲ್ ರೂಮಿಗೆ ಗೋಡೆ ಎದ್ದು ಎರಡು ತಿಂಗ್ಳಾಯ್ತು. ಲಿಂಟಲ್ ಫೋಟೋ ಯಾಕೆ ಹಾಕಿಲ್ಲ?"

ಸರ್ಕಾರದ ದಾರಿ ಹಂಗೆ ನೋಡಿ. ಪಾಯದ ಫೋಟೋ ಕಂಪ್ಯೂಟರ್‌ಗೆ ಏರಿದ್ರೆ ಗೋಡೆಗೆ ದುಡ್ಡು, ಬಾಗ್ಲ ಮೇಲಿನ ಲಿಂಟಲ್ ಫೋಟೋ ಏರಿದ್ರೆ ಸೂರಿನ ಮೋಲ್ಡಿಗೆ ದುಡ್ಡು. ಇಂಜಿನಿಯರು ಅಲ್ಲೇ ನಿಂತು ತನ್ನ ಫೋನಲ್ಲೇ ತೆಗೀಬೇಕು. ಮಾರ್ಚ್ ಮುಗಿಯೋದ್ರೊಳಗೆ ಏರ್ಲಿಲ್ವೋ, ಆ ರೂಮು ಲಕ್ಕೂರು ಕಡೆ ಯಾವುದೋ ಊರ ಪಾಲು!

ಅಲ್ಲೀ ತನ್ಕ ಮಕ್ಳು ಹಾಲಿನ ಡೈರೀಲೇ ಓದ್ಬೇಕು. ಡೈರಿ ಹಿಂದೆ ಕಟ್ಟಿದ್ದ ಹಸು ದಿನಾ ಕೇಳೀ ಕೇಳೀ ಮಗ್ಗಿ ಕಲ್ತಿತ್ತು. ಹನ್ನೆರಡರ ತನ್ಕ ನಾನೇ ಒಪ್ಪಿಸ್ಕೊಂಡಿದ್ದೀನಿ.

ನಂದಕುಮಾರನ ಕಣ್ಣು ಅವಳ ಬೆನ್ನ ಹಿಂದೆ ಎಲ್ಲೋ ಹೋಗಿ ಬಂತು. ಅಲ್ಲಿ ಅವಳಪ್ಪ ಕೊಂಡಪ್ಪ ನಿಂತಿದ್ದ. ಸ್ಕೂಲ್ ಕಮಿಟಿ ಅಧ್ಯಕ್ಷ ಅವನೇ.

"ಹಾಕ್ತೀನಿ ಮೇಡಂ," ಅಂದ. ಅಷ್ಟೇ.

'ಕೈ ಬಿಸಿ ಮಾಡ್ಲಿ ಅಂತ ಕಾಯ್ತಾವ್ನೆ... ಕಳ್ಳ. ಕಳ್ಳಂಗೆ ಕಣ್ಣು ಯಾಕಿಷ್ಟು ಚೆನ್ನಾಗಿರ್ಬೇಕು?' ಗಂಗಾಗೆ ತನ್ಮೇಲೇ ಸಿಟ್ಟು ಬಂತು.

ಮೂರು ಸಲ ಬಂದ, ಮೂರು ಸಲಾನೂ ಫೋಟೋ ಇಲ್ದೇ ಹೋದ. ಮೂರನೇ ಸಲ ನರಸಾಪುರದಿಂದ ಬೈಕಿಗೆ ಕಟ್ಟಿ ಒಂದು ಕರೀ ಬೋರ್ಡು ತಂದು, ಡೈರಿ ಗೋಡೆಗೆ ಒರಗಿಸಿ ಹೊರಟ.

'ಬಾಯಿ ಮುಚ್ಚಿಸೋಕೆ ತಂದಿರೋದು...' ಅಂದ್ಕೊಂಡು, ಅವಳು ಕೋಲಾರದ ಮೇಲಿನೋರಿಗೆ ಅರ್ಜಿ ಬರ್ದೇಬಿಟ್ಳು.

ಮಾರ್ಚ್ ಮೂವತ್ತೊಂದು. ಬೆಳಿಗ್ಗೆ ಡೈರಿ ಮುಂದೆ ಬೈಕು ನಿಂತಿತು.

"ನಾಳೆಯಿಂದ ನಂಗೆ ಶ್ರೀನಿವಾಸಪುರಕ್ಕೆ ವರ್ಗ ಮೇಡಂ. ನಿಮ್ಮ ಅರ್ಜಿ ಕೆಲ್ಸ ಮಾಡ್ತು." ನಗ್ತಾನೇ ಹೇಳಿದ. "ಇವತ್ತೊಂದಿನ ಇದೆ. ಕೊನೇ ಸಲ ನೋಡ್ತೀನಿ."

ಬೈಕು ಹೋಯ್ತು. ಹಾಲು ಹಾಕೋಕೆ ಬಂದಿದ್ದ ಅವಳಮ್ಮ ಬಚ್ಚಮ್ಮ ಕ್ಯಾನು ಕೆಳಗಿಟ್ಳು.

"ಆ ಹುಡ್ಗನ್ನ ಯಾಕೆ ಗೋಳು ಹುಯ್ಕೊಂಡೆ ಕಣೇ? ಅವನು ಬಂದಾಗೆಲ್ಲ ಗೋಡೆಗೆ ಟಾರ್ಪಾಲು ಹೊದಿಸಿ ಕೂರೋನು ನಿಮ್ಮಪ್ಪ."

ಗಂಗಾ ಓಡಿದ್ಳು. ಎಂಥಾ ಓಟ ಅಂತೀರಾ! ದಾರೀಲಿ ಕೋಳಿಗಳು ಹೆದರಿ ಮೊಟ್ಟೆ ಇಟ್ಬಿಟ್ವು.

ಗೋಡೆ ಮೇಲೆ ನೀಲಿ ಟಾರ್ಪಾಲು. ಅದ್ರ ಮುಂದೆ ಅಪ್ಪ ಚಕ್ಳಂಬಕ್ಳ ಹಾಕಿ ಕೂತವ್ನೆ.

"ಏನಪ್ಪಾ ಇದು?"

"ಅರ್ಧ ಕಟ್ಟಿದ್ದನ್ನ ಫೋಟೋ ತೆಗೆದ್ರೆ ದೃಷ್ಟಿ ಬೀಳ್ತದಮ್ಮ. ಪಾಯ ಮಣ್ಣೊಳ್ಗಿತ್ತು, ಬಿಟ್ಟೆ. ನಮ್ಮನೆ ಗೋಡೆ ಹಂಗೇ ಬಿತ್ತಲ್ಲ?"

"ಅದು ಮಳೆಗೆ ಬಿತ್ತು."

"ಮಳೆ ನಮ್ಮ ಗೋಡೇನೇ ಯಾಕೆ ಹುಡುಕ್ಕೊಂಡು ಬಂತು, ಹೇಳು."

ಗಂಗಾ, ಪಕ್ಕದಲ್ಲೇ ಬೈಕಿಗೆ ಒರಗಿ ನಿಂತಿದ್ದ ನಂದಕುಮಾರನ ಕಡೆ ತಿರುಗಿದ್ಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಮಗ್ಳು ಬೈತಾಳೆ, ಹೇಳ್ಬೇಡಪ್ಪಾ ಅಂತ ಮಾತು ತಗೊಂಡಿದ್ರು."

"ನಾನು ಅರ್ಜಿ ಹಾಕಿದ್ಮೇಲೂನಾ?"

"ಕೊಟ್ಟ ಮಾತಲ್ವಾ ಮೇಡಂ..."

ಗಂಗಾ ಸೆರಗು ಸೊಂಟಕ್ಕೆ ಸಿಕ್ಕಿಸಿದ್ಳು. ಮೇಸ್ತ್ರಿಗಳು ಟೀ ಕಾಯಿಸೋ ಒಲೆಯಿಂದ ಮಸಿ ತಗೊಂಡ್ಳು. ಕೆನ್ನೆ ಮೇಲೆ ದೊಡ್ಡ ಬೊಟ್ಟಿಟ್ಕೊಂಡು ಗೋಡೆ ಪಕ್ಕ ನಿಂತ್ಳು.

"ತೆಗೀರಿ ಟಾರ್ಪಾಲು. ಬೀಳೋ ದೃಷ್ಟಿ ನನ್ಮೇಲೇ ಬೀಳ್ಲಿ."

ಕೊಂಡಪ್ಪನ ಮುಖ ಇಳೀತು. "ಬೇಡಮ್ಮ, ನಿನ್ಮೇಲೆ ಬೇಡ." ಎದ್ದ. ತಾನೇ ಟಾರ್ಪಾಲು ಎಳ್ದ. ಒಂದು ಹಿಡಿ ಮಸಿ ತಂದು, ಗೋಡೆ ಮೇಲೆ ತಟ್ಟೆಯಗಲದ ಬೊಟ್ಟಿಟ್ಟ. "ಇದ್ಮೇಲೆ ಬೀಳ್ಲಿ. ತೆಗಿಯಪ್ಪಾ."

"ಮೇಡಂ, ಒಂಚೂರು ಪಕ್ಕಕ್ಕೆ. ಕಂಪ್ಯೂಟರ್‌ಗೆ ಗೋಡೆ ಮಾತ್ರ ಸಾಕು."

ಅವಳು ಸರಿದ್ಳು. ಒಂದು ಫೋಟೋ ತೆಗೆದ.

"ಈಗ ಮೊದ್ಲು ನಿಂತಿದ್ದ ಕಡೆ ಬನ್ನಿ. ಇದು ಕಂಪ್ಯೂಟರ್‌ಗಲ್ಲ."

ಗಂಗಾಳ ಇನ್ನೊಂದು ಕೆನ್ನೆ ಬೊಟ್ಟಿಲ್ದೇನೇ ಬಣ್ಣ ತಿರುಗ್ತು.

ಸಿಗ್ನಲ್ ಇಲ್ಲ ಅಂತ ನಂದಕುಮಾರ ನೀರಿನ ಟ್ಯಾಂಕ್ ಹತ್ತಿದ. ಊರೆಲ್ಲ ಕೆಳಗೆ ಕತ್ತೆತ್ಕೊಂಡು ನಿಂತಿತ್ತು. ಫೋಟೋ ಏರ್ತು ಅಂತ ಅವನು ಕೈ ಎತ್ತಿದ್ದೇ, ಜನ ಕೂಗಿದ ಕೂಗಿಗೆ ಮಾಲೂರಲ್ಲಿ ರೈಲು ಒಂದ್ನಿಮಿಷ ನಿಂತ್ಕೊಂಡ್ತು.

ಅವನು ಇಳಿಯೋ ಹೊತ್ಗೆ ಏಣಿ ಹತ್ರ ಗಂಗಾ ಒಬ್ಳೇ.

"ಅರ್ಜಿ ವಾಪಸ್ ತಗೋತೀನಿ. ಹೋಗ್ಬೇಡಿ."

"ಆರ್ಡರ್ ಆಗಿದೆ. ಹೋಗ್ಲೇಬೇಕು... ಗಂಗಾ."

ಮೇಡಂ ಅನ್ಲಿಲ್ಲ. ಅವಳಿಗೆ ಉಸ್ರು ಎಲ್ಲಿ ಬಿಡ್ಬೇಕು ಅಂತ ಮರ್ತೋಯ್ತು.

"ಹಂಗಾದ್ರೆ ನಾನೇನ್ ಮಾಡ್ಲಿ?"

"ಭಾನುವಾರ ಮನೇಲಿರಿ. ನಮ್ಮಮ್ಮನ್ನ ಕರ್ಕೊಂಡು ಬರ್ತೀನಿ."

"ಎಷ್ಟೊತ್ಗೆ?"

"ನೀವು ಹೇಳಿದ ಹೊತ್ಗೆ."

"ಬೆಳಿಗ್ಗೇನೇ ಬನ್ನಿ. ನಂಗೆ ಕಾಯೋಕೆ ಬರಲ್ಲ."

ರೂಮಿಗೆ ಮೋಲ್ಡು ಬಿತ್ತು, ಇವರ ಮದ್ವೇನೂ ಆಯ್ತು, ಸಾರು ಮಾತ್ರ ಒಂಚೂರು ಖಾರ ಆಗಿತ್ತು.

ಅದಿರ್ಲಿ. 'ಕಾಯೋಕೆ ಬರಲ್ಲ' ಅಂದಾಗ ನಿಮ್ಮ ಮುಖದಲ್ಲೊಂದು ನಗು ಬಂತಲ್ಲ, ಯಾರ್ನ ನೆನೆಸ್ಕೊಂಡ್ರಿ? ಹೆಸ್ರು ಹೇಳಿ. ಹೇಳೋ ತನ್ಕ ನಾನೂ ಏಳಲ್ಲ, ನಿಮ್ಮನ್ನೂ ಏಳೋಕೆ ಬಿಡಲ್ಲ.